ಹೊಲಿಗೆ ಹಾಕಿದ ಕರೆಂಟು

"ಈ ಮನೆಯ ವೈರಿಂಗಿಗೆ ನಾನೊಬ್ಬನೇ ಸಾಕು! ಕತ್ತರಿ ಹಿಡಿದ ಕೈಗೆ ಸ್ಕ್ರೂಡ್ರೈವರ್ ಯಾವ ಲೆಕ್ಕ?"

ದರ್ಜಿ ಹೀಗೆ ಘೋಷಿಸಿದಾಗ ಅಳತೆಯ ಟೇಪು ಅವನ ಕೊರಳಲ್ಲಿ ಜಯಮಾಲೆಯಂತೆ ತೂಗುತ್ತಿತ್ತು. ಆಗಷ್ಟೇ ಬೇರೆ ಊರಿನಲ್ಲಿರುವ ಮಗಳು ಫೋನ್ ಇಟ್ಟಿದ್ದಳು. ಮೊಮ್ಮಗಳು ಅಂಬೆಗಾಲಿಡಲು ಕಲಿತಿದ್ದಳು; ಕಂಡ ಕಂಡ ತೂತಿಗೆಲ್ಲ ಬೆರಳು ತುರುಕುವುದನ್ನೂ ಕಲಿತಿದ್ದಳು. "ಅಪ್ಪಾ, ಆ ಓಬೀರಾಯನ ಕಾಲದ ವೈರಿಂಗ್ ಸರಿಯಾಗೋವರೆಗೂ ಮಗೂನ ಅಲ್ಲಿಗೆ ಕರ್ಕೊಂಡು ಬರಲ್ಲ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

ಮೊಮ್ಮಗಳನ್ನು ದರ್ಜಿ ಇನ್ನೂ ಮಡಿಲಲ್ಲಿ ಕೂರಿಸಿಕೊಂಡಿರಲಿಲ್ಲ. ಫೋನಿನಲ್ಲಿ ನೋಡಿ ಅಂದಾಜಿನ ಮೇಲೆ ಹೊಲಿದ ಫ್ರಾಕುಗಳು ಕಪಾಟಿನಲ್ಲಿ ಕಾಯುತ್ತಿದ್ದವು. ಮಗು ಬೆಳೆಯುತ್ತಿತ್ತು, ಫ್ರಾಕುಗಳು ಬೆಳೆಯುತ್ತಿರಲಿಲ್ಲ. ಅದೇ ಅವನ ಕೊರಗು.

"ರೀ, ದಮ್ಮಯ್ಯ ಅಂತೀನಿ, ನೀವು ಮಾತ್ರ ಮುಟ್ಟಬೇಡಿ" ಎಂದಳು ಹೆಂಡತಿ. "ಹೋದ ಸಲ ನೀವು ರಿಪೇರಿ ಮಾಡಿದ್ಮೇಲೆ ಕಾಲಿಂಗ್ ಬೆಲ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ!"

"ಬಿಸಿಲಲ್ಲಿ ಬಂದವರಿಗೆ ಗಾಳಿ ಬೇಡ್ವೇನೇ?"

"ನನ್ನ ತಮ್ಮನ್ನ ಕರೀತೀನಿ."

ಅವಳ ತಮ್ಮ ಎಲೆಕ್ಟ್ರಿಷಿಯನ್. ಭಾವಮೈದುನನ ಸುದ್ದಿ ಎತ್ತಿದರೆ ದರ್ಜಿಗೆ ಮೈಯೆಲ್ಲ ಉರಿ. "ಅವನಾ? ಒಂದು ಬಲ್ಬ್ ಬದಲಾಯಿಸು ಅಂದ್ರೆ ಗೋಡೆ ಕೆಡವ್ತಾನೆ! ಅಷ್ಟು ದುಡ್ಡು ಎಲ್ಲಿದೆ?"

"ದುಡ್ಡಿಲ್ಲ ಅಂತಾನೇ ಅವನನ್ನ ಕರೀತಿರೋದು" ಎನ್ನುತ್ತ ಅವಳು ನೀಲಿ ರಬ್ಬರ್ ಚಪ್ಪಲಿ ಚಟಪಟ ಬಡಿಯುತ್ತಾ ಅಡುಗೆಮನೆಗೆ ನಡೆದಳು. ಮನೆಯೊಳಗೂ ಚಪ್ಪಲಿ ಬಿಡದ ಹೆಂಗಸು! ಕೇಳಿದರೆ ಅಂಗಾಲು ಒಡೆಯುತ್ತದೆ ಎನ್ನುತ್ತಿದ್ದಳು. "ಮಹಾರಾಣಿಯವರ ಪಾದ ನೆಲ ಸೋಕಬಾರದು" ಎಂದು ದರ್ಜಿ ಆಗಾಗ ಛೇಡಿಸುತ್ತಿದ್ದ.

ಭಾವಮೈದುನ ಬಂದ. ಸ್ವಿಚ್ ಬೋರ್ಡು ಬಿಚ್ಚಿದ. ಒಂದು ಗಳಿಗೆ ಕಣ್ಣರಳಿಸಿ ನೋಡಿದವನು ಹೊಟ್ಟೆ ಹಿಡಿದುಕೊಂಡು ನಗುತ್ತಾ ನೆಲಕ್ಕೆ ಕೂತೇಬಿಟ್ಟ. ವೈರಿನ ಒಂದೊಂದು ಗಂಟಿಗೂ ಲೈನಿಂಗ್ ಬಟ್ಟೆ ಸುತ್ತಿ, ಅಂಚು ಮಡಚಿ, ಸಣ್ಣದಾಗಿ ಹೊಲಿಗೆ ಹಾಕಲಾಗಿತ್ತು. ಒಂದೆರಡು ಕಡೆ ಕಾಜಾ ಮಾಡಿ ಗುಂಡಿಯನ್ನೂ ಇಡಲಾಗಿತ್ತು!

"ಭಾವ, ಇದು ವೈರಿಂಗೋ ಕೋಟೋ? ಗುಂಡಿ ಯಾಕೆ?"

"ಬೇಕಾದಾಗ ಬಿಚ್ಚೋಕೆ ಸುಲಭ ಆಗ್ಲಿ ಅಂತ. ನಿನಗೆಲ್ಲಿ ಹೊಳೀಬೇಕು ಇದೆಲ್ಲ!"

"ಫ್ಯೂಸಿಗೆ ಇಷ್ಟು ದಪ್ಪ ತಂತಿ?"

"ನೋಡಿದ್ಯಾ? ಅದನ್ನ ಹಾಕಿದ್ಮೇಲೆ ಫ್ಯೂಸ್ ಒಂದು ಸಲವೂ ಹೋಗಿಲ್ಲ!"

"ಹೋಗ್ಲಿ ಅಂತಲೇ ಫ್ಯೂಸ್ ಇಡೋದು ಭಾವ! ಅದು ಹೋಗ್ದಿದ್ರೆ ಮನೇನೇ ಹೋಗುತ್ತೆ."

ಭಾವನ ಕೈಯಲ್ಲಿರುವ ಹಣಕ್ಕೆ ತಕ್ಕ ಉಪಾಯವನ್ನು ಭಾವಮೈದುನ ಹೇಳಿದ: "ಎಲ್ಲಾ ಒಟ್ಟಿಗೆ ಬೇಡ. ಮೊದಲು ಅರ್ತಿಂಗ್ ಸರಿ ಮಾಡೋಣ. ಎಲ್ಲಾದ್ರೂ ಕರೆಂಟ್ ಸೋರಿದ್ರೆ ತಾನಾಗೇ ಬೀಳೋ ಟ್ರಿಪ್ ಸ್ವಿಚ್ ಹಾಕೋಣ. ಅಡುಗೆಮನೆ, ಬಚ್ಚಲು, ನಡುಮನೆಗೆ ಹೊಸ ವೈರು. ಹಿಂದಿನ ಕೋಣೆ ಲೈನ್ ಸದ್ಯಕ್ಕೆ ಕತ್ತರಿಸಿಡ್ತೀನಿ. ಕೂಲಿ ಬೇಡ, ನನ್ನ ಸಾಮಾನೆಲ್ಲ ಹಿಡಿಯೋ ಹಾಗೆ ಒಂದು ಪ್ಯಾಂಟ್ ಹೊಲಿದುಕೊಡಿ."

ದರ್ಜಿ ಮನಸ್ಸಿಟ್ಟು ಹೊಲಿದ. ಜೇಬಿನ ಮೇಲೆ ಜೇಬು, ಜೇಬಿನೊಳಗೆ ಜೇಬು! ಕೆಲಸ ಮುಗಿಸಿ ಭಾವಮೈದುನ ಹೊರಟ ಮೇಲೆ, ಪ್ಯಾಂಟಿಗೆ ಇಸ್ತ್ರಿ ಹಾಕಲು ಕೂತ. ಟಪ್! ಟ್ರಿಪ್ ಸ್ವಿಚ್ ಬಿತ್ತು, ಮನೆಯ ಕರೆಂಟೆಲ್ಲ ನಿಂತಿತು. ಎತ್ತಿದ. ಮತ್ತೆ ಟಪ್!

ದರ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಲೇ, ಬಾರೇ ಇಲ್ಲಿ! ನಿನ್ನ ತಮ್ಮನ ಘನಕಾರ್ಯ ನೋಡು!"

"ಏನೋ ಸೋರ್ತಿದೆ ಅಂತ ಅದು ಹೇಳ್ತಿದೆ. ಎಲ್ಲಾ ಕಿತ್ತು ಒಂದೊಂದೇ ಹಾಕಿ ನೋಡೋಣ."

ಮಹಾತನಿಖೆ ಶುರುವಾಯಿತು. ಮೊದಲ ಆರೋಪಿ ಹೆಂಡತಿಯ ಮಿಕ್ಸಿ, ನಿರಪರಾಧಿ. ಫ್ರಿಜ್ಜು, ನಿರಪರಾಧಿ. ಹೊಲಿಗೆ ಯಂತ್ರದ ಮೋಟಾರೂ ಗಂಗೆಯಷ್ಟು ಪವಿತ್ರ.

"ಇಸ್ತ್ರಿಪೆಟ್ಟಿಗೆ?" ಎಂದಳು ಹೆಂಡತಿ.

"ಅದು ನಮಗೆ ಅನ್ನ ಹಾಕೋದು ಕಣೇ! ಮುಟ್ಟಿದ್ರೆ ಸ್ವಲ್ಪ ಜುಂ ಅನ್ನುತ್ತೆ, ಅಷ್ಟೆ. ಕಾದಿದೆ ಅನ್ನೋದಕ್ಕೆ ಅದೇ ಗುರುತು."

ಅವಳು ಪ್ಲಗ್ ಚುಚ್ಚಿ ಸ್ವಿಚ್ ಒತ್ತಿದಳು. ಟಪ್!

ದರ್ಜಿ ಪ್ಲಗ್ ಕಿತ್ತು, ಇಸ್ತ್ರಿಯ ವೈರಿಗೆ ತಾನೇ ಹಾಕಿದ್ದ ಹೊಲಿಗೆಯನ್ನು ತಾನೇ ಕತ್ತರಿಸಿದ. ಬಟ್ಟೆಯಡಿಯಲ್ಲಿ ತಾಮ್ರದ ತಂತಿ ಬರಿಮೈಯಲ್ಲಿ ಹೊಳೆಯುತ್ತಿತ್ತು. ಈ ವೈರು ದಿನವಿಡೀ ನೆಲದ ಮೇಲೆ ಬಿದ್ದಿರುತ್ತಿತ್ತು, ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವಂತೆ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಮರುದಿನ ಭಾವಮೈದುನನೇ ಹೊಸ ವೈರು ಹಾಕಿಕೊಟ್ಟ. ಇಸ್ತ್ರಿ ಕಾಯಿತು, ಜುಂ ಅನ್ನಲಿಲ್ಲ, ಸ್ವಿಚ್ ಅಲುಗಾಡಲಿಲ್ಲ.

ಮೊಮ್ಮಗಳು ಬಂದಳು! ಕೆಳಗಿಳಿಸಿದ್ದೇ ತಡ, ದಾಪುಗಾಲಿನ ಅಂಬೆಗಾಲಿಡುತ್ತಾ ನೆಟ್ಟಗೆ ಗೋಡೆಯ ಪ್ಲಗ್ ಪಾಯಿಂಟಿಗೆ ಹೋಗಿ ಬೆರಳಿಟ್ಟಳು. ಭಾವಮೈದುನ ಹಾಕಿದ್ದ, ಒಳಗಿನಿಂದಲೇ ಮುಚ್ಚಿಕೊಳ್ಳುವ ಹೊಸ ತೂತು ಅವಳಿಗೆ ಸೊಪ್ಪು ಹಾಕಲಿಲ್ಲ. ಬೇಸರವಾಗಿ ತಿರುಗಿ ಬಂದು ತಾತನ ಮಡಿಲೇರಿದಳು. ಫ್ರಾಕಿನ ಒಳಗೆ ಮಡಚಿ ಬಿಟ್ಟಿದ್ದ ಹೆಚ್ಚಿನ ಬಟ್ಟೆ ಬಿಚ್ಚಿದ ಮೇಲೆ ಅದೂ ಹೇಳಿ ಮಾಡಿಸಿದ ಹಾಗಿತ್ತು. ದರ್ಜಿಯ ಕಣ್ಣು ತುಂಬಿತು.

"ವೈರಿಂಗ್ ಎಷ್ಟು ಚೆನ್ನಾಗಾಗಿದೆ! ಯಾರಪ್ಪಾ ಮಾಡಿದ್ದು?" ಎಂದಳು ಮಗಳು.

"ಇನ್ಯಾರು? ನಾನೇ! ನಿನ್ನ ಸೋದರಮಾವ ಜೊತೆಗಿದ್ದ, ಅಷ್ಟೆ" ಎಂದು ದರ್ಜಿ ಮೀಸೆ ತಿರುವಿದ. ಅಷ್ಟರಲ್ಲಿ ಅವನ ಕಣ್ಣು ಹೆಂಡತಿಯ ಕಾಲಿನ ಮೇಲೆ ಬಿತ್ತು. ಬರಿಗಾಲು!

"ಏನೇ ಇದು? ಮಹಾರಾಣಿಯವರ ಅಂಗಾಲು ವಾಸಿಯಾಯ್ತಾ?"

"ಅಂಗಾಲಿಗೆ ಏನಾಗಿತ್ತು? ಮದುವೆಯಾದ ಹೊಸದರಲ್ಲಿ ನೀವು ಮೊದಲನೇ ಸಲ ಸ್ವಿಚ್ ಬೋರ್ಡ್ ಬಿಚ್ಚಿದ್ರಲ್ಲ, ಅವತ್ತು ಹಾಕ್ಕೊಂಡ ರಬ್ಬರ್ ಚಪ್ಪಲಿ. ಇವತ್ತು ಬಿಟ್ಟೆ!"

ಮಗಳು ಬಿದ್ದು ಬಿದ್ದು ನಕ್ಕಳು. ಏನೂ ಅರ್ಥವಾಗದ ಮೊಮ್ಮಗಳೂ ಚಪ್ಪಾಳೆ ತಟ್ಟಿದಳು. ದರ್ಜಿಯ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ಆ ಚಪ್ಪಲಿ ಇನ್ನೇಕೆ? ಎಸೆದುಬಿಡು" ಎಂದು ಗೊಣಗಿದ.

"ಎಸೀತೀನಿ" ಎಂದಳು ಹೆಂಡತಿ, ಕೈ ಚಾಚಿ. "ಮೊದಲು ಆ ಸ್ಕ್ರೂಡ್ರೈವರ್ ಇಲ್ಲಿ ಕೊಡಿ!"