ಚಪ್ಪಾಳೆ ಬಂತು, ಸಹಾಯಕಿ ಬರಲಿಲ್ಲ

ಅಂಗನವಾಡಿ ಮೇಲ್ವಿಚಾರಕಿ ಮೇಡಂ ಅವರ ಸನ್ನಿಧಾನಕ್ಕೆ, ಅಂತರಸಂತೆಯ ಆಚೆ ಬಸ್ಸು ತಿರುಗಿಸುವ ಊರಿನಿಂದ, ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ಶಶಿ ಮಾಡುವ ಪೂರ್ತಿ ನಮಸ್ಕಾರಗಳು.

ಮಾನ್ಯರೇ, ನಮ್ಮೂರ ಅಂಗನವಾಡಿ ಟೀಚರ್ ಪ್ರಮೀಳಾ ನನ್ನ ಅತ್ತಿಗೆ. ಸಹಾಯಕಿ ಮಂಗಳಮ್ಮ ನಿವೃತ್ತರಾದ ಮೇಲೆ ಪಾಠ, ಪದ್ಯ, ಅಡುಗೆ, ಮೂಗು ಒರೆಸುವುದು, ಎಲ್ಲ ಖಾತೆಗಳೂ ಅತ್ತಿಗೆಯ ಬಳಿಯೇ ಇವೆ. ಅವರು ಅನ್ನ ನೋಡಲು ಒಳಗೆ ಹೋದರೆ ಮೂರು ವರ್ಷದ ಸುಕನ್ಯ ಬಾಗಿಲೆದುರೇ ತಿರುಗುವ ಬಸ್ಸು ನೋಡಲು ಹೊರಗೆ ಹೋಗುತ್ತಾಳೆ. ಒಮ್ಮೆ ಡ್ರೈವರ್ ಬ್ರೇಕ್ ಒತ್ತಿ, ಮಗುವನ್ನು ತಾನೇ ಎತ್ತಿ ತಂದು, "ಟೀಚರಮ್ಮ, ಈ ಪ್ಯಾಸೆಂಜರ್‌ಗೆ ಟಿಕೆಟ್ ಕೊಡಾಕಿಲ್ಲ ಕಣಮ್ಮ, ಇಟ್ಕಳಿ" ಎಂದು ನಗುತ್ತಾ ಒಪ್ಪಿಸಿ ಹೋದ. ಅತ್ತಿಗೆ ಅವತ್ತು ಊಟ ಮಾಡಲಿಲ್ಲ.

ಆದ್ದರಿಂದ ಅತ್ತಿಗೆ, ಮೇಡಂ, ತಮ್ಮ ಸಭೆಯಲ್ಲಿ ಎದ್ದು ನಿಂತು, ಒಬ್ಬ ಸಹಾಯಕಿಯನ್ನು ಕೊಡಿ ಎಂದರು. ತಾವು ಗದರಲಿಲ್ಲ. "ಸಹಾಯ ಕೇಳೋಕೂ ಧೈರ್ಯ ಬೇಕು ಕಣ್ರಮ್ಮಾ, ಪ್ರಮೀಳಾಗೆ ಎಲ್ರೂ ಚಪ್ಪಾಳೆ ಹೊಡೀರಿ" ಎಂದಿರಿ. ಎಂಥ ದೊಡ್ಡ ಮನಸ್ಸು! ಚಪ್ಪಾಳೆಯ ಹಿಂದೆಯೇ ಟೀ ಬಂತು, ಸಭೆ ಮುಗಿಯಿತು. ಮುಂದಿನ ಸಭೆಯಲ್ಲಿ ಮತ್ತೆ ಕೇಳಿದರು; ಚಪ್ಪಾಳೆ ಇನ್ನೂ ಜೋರಾಯಿತು. ತಾವೇ ನಮ್ಮೂರಿಗೆ ದಯಮಾಡಿಸಿದಾಗಲೂ ಕೇಳಿದರು. ತಾವು ಮಕ್ಕಳ ಕೈಯಲ್ಲೇ ಚಪ್ಪಾಳೆ ಹೊಡೆಸಿದಿರಿ.

ಮಕ್ಕಳು ಇಷ್ಟು ಬೇಗ ಯಾವ ಪದ್ಯವನ್ನೂ ಕಲಿತಿರಲಿಲ್ಲ. ಈಗ ಒಬ್ಬ ಚಡ್ಡಿಯ ಗುಂಡಿ ಬಿಚ್ಚಲಾಗದೆ "ಮಿಸ್, ಅರ್ಜೆಂಟು!" ಎಂದು ಕುಣಿದರೆ ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಖುಷಿಗೆ ಅವನೂ ಗುಂಡಿ ಬಿಟ್ಟು ತಟ್ಟುತ್ತಾನೆ. ಆಮೇಲೆ ನೆಲ ಒರೆಸುವವರೂ ಅತ್ತಿಗೆಯೇ. ಅವತ್ತು ತಾವು ಹಿಂದಿರುಗುವಾಗ ತಮ್ಮ ಸ್ಕೂಟರ್ ಬಾಗಿಲ ಕೆಸರಿನಲ್ಲಿ ಹೂತು, ತಾವು "ಯಾರಾದ್ರೂ ಬನ್ರೋ" ಎಂದು ಕೂಗಿದಾಗ ಇಡೀ ಅಂಗನವಾಡಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಸಲ್ಲಿಸಿದ ಗೌರವ ನೆನಪಿರಬಹುದು. ಅದು ಗೇಲಿಯಲ್ಲ ಮೇಡಂ, ತಾವು ಕಲಿಸಿದ್ದು. ಕಲಿಯದವರು ಅತ್ತಿಗೆ ಒಬ್ಬರೇ. ಸೌಟು ಬಿಸಾಕಿ ಓಡಿಬಂದು ಸ್ಕೂಟರ್ ತಳ್ಳಿದರು.

ಈ ಸಲದ ಸಭೆಯಲ್ಲಿ ತಾವು ಏನಾದರೂ ತೊಂದರೆಯೇ ಎಂದು ವಿಚಾರಿಸಿದಾಗ ಅವರು "ಏನೂ ಇಲ್ಲ ಮೇಡಂ" ಎಂದರಂತೆ. ತಮಗೆ ಸಂತೋಷವಾಯಿತಂತೆ. ಮನೆಗೆ ಬಂದು ನನಗೆ ಹೇಳಿದ್ದು ಬೇರೆ: "ಬುಡು ಶಶಿ, ನಾಚ್ಕೆ ಆಯ್ತದೆ. ಇನ್ನ ಕೇಳಾಕಿಲ್ಲ ಕಣ." ಆಗಿನಿಂದ ಬಸ್ಸಿನ ಹಾರ್ನ್ ಕೇಳಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗನವಾಡಿ ಬಾಗಿಲ ಕಡೆ ನೋಡುತ್ತೇನೆ.

ಆದ್ದರಿಂದ ಅವರ ಬದಲು ನಾನು ಕೇಳುತ್ತೇನೆ. ಇಡೀ ಮನುಷ್ಯಳನ್ನು ಕಳಿಸುವುದು ಕಷ್ಟವಾದರೆ, ಸಭೆಯಲ್ಲಿ ತಟ್ಟಿದ ಅಷ್ಟು ಕೈಗಳಲ್ಲಿ ಒಂದು ಜೊತೆಯನ್ನಾದರೂ ಬಸ್ಸಿಗೆ ಹಾಕಿ ಕಳಿಸಿ. ಅದೂ ಆಗದಿದ್ದರೆ, ನಮ್ಮ ಅನ್ನ ಬೇಯುವ ತನಕ ಆ ಬಸ್ಸನ್ನು ಎಚ್.ಡಿ. ಕೋಟೆ ಸ್ಟ್ಯಾಂಡಿನಲ್ಲೇ ಹಿಡಿದು ನಿಲ್ಲಿಸಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಶಶಿ

ಮರೆತ ಮಾತು: ಈ ಪತ್ರದ ಸಂಗತಿ ಅತ್ತಿಗೆಗೆ ಗೊತ್ತಿಲ್ಲ. ತಾವು ಬೈಯಲು ಬರುವುದಾದರೆ ಅನ್ನಕ್ಕೆ ಇಡುವ ಹೊತ್ತಿಗೇ ಬಂದು, ಬಾಗಿಲಿಗೆ ಅಡ್ಡಲಾಗಿ ನಿಂತು, ನಿಧಾನವಾಗಿ ಬೈಯಿರಿ. ಅಷ್ಟು ಹೊತ್ತಾದರೂ ಸುಕನ್ಯ ಒಳಗಿರುತ್ತಾಳೆ.