ಬಾಗಿಲು ಕಾಯುವ ಎಂಜಿನಿಯರು

ನನ್ನ ಕೆಲಸ ಏನು ಅಂತ ಆಳಂದದಲ್ಲಿ ಯಾರಾದರೂ ಕೇಳಿದರೆ "ದುರ್ಬೀನು ಮಾಡ್ತೇನಿ" ಅಂದುಬಿಡುತ್ತೇನೆ. ಪೂರ್ತಿ ಹೇಳಲು ಹೋದರೆ ಕೇಳಿದವರೇ ಎದ್ದು ಹೋಗುತ್ತಾರೆ. ನಿಮಗೆ ಹೇಳುತ್ತೇನೆ; ನೀವು ಫೋನಿನಲ್ಲಿ ಓದುವವರು, ಎದ್ದು ಹೋದರೂ ನನಗೆ ಗೊತ್ತಾಗುವುದಿಲ್ಲ.

ನಮ್ಮದು ಗಾಮಾ ಕಿರಣಗಳನ್ನು ನೋಡುವ ದುರ್ಬೀನು. ಆ ಕಿರಣಗಳನ್ನು ಗಾಳಿಯೇ ತಡೆದುಬಿಡುವುದರಿಂದ ಅದನ್ನು ಬಾಹ್ಯಾಕಾಶಕ್ಕೇ ಕಳಿಸಬೇಕು. ಅಲ್ಲಿ ಇನ್ನೊಂದು ಪೀಡೆ: ಒಂದು ಗಾಮಾ ಬರುವಷ್ಟರಲ್ಲಿ ಬೇಡದ ಕಣಗಳು ಸಾವಿರಾರು ನುಗ್ಗುತ್ತವೆ. ಅದಕ್ಕೇ ಸುತ್ತ ಒಂದು ಹೊದಿಕೆ. ಬೇಡದ ಕಣ ದಾಟಿದರೆ ಹೊದಿಕೆ ಮಿಣುಕುತ್ತದೆ, ಗಾಮಾ ಸದ್ದಿಲ್ಲದೆ ದಾಟುತ್ತದೆ. ಮಿಣುಕಿತೋ, ಬಂದವನನ್ನು ಹೊರಗೆ ಹಾಕು. ಆ ಹೊದಿಕೆಯ ವಿನ್ಯಾಸ ನನ್ನದು. ತೊಡಕೆಂದರೆ, ಜೋರಾದ ಗಾಮಾ ಒಳಗೆ ಹೋಗಿ ಬಡಿದಾಗ ಚೂರುಪಾರು ಹಿಂದಕ್ಕೆ ಸಿಡಿದು, ಒಳಗಿನಿಂದಲೇ ಹೊದಿಕೆಗೆ ತಾಗುತ್ತದೆ. ಆಗಲೂ ಮಿಣುಕು, ಖರೇ ಅತಿಥಿಯೇ ಹೊರಗೆ! ಹೊದಿಕೆಯನ್ನು ತುಂಡು ತುಂಡು ಮಾಡಿ, ಕಿರಣ ಬಂದ ದಾರಿಯ ತುಂಡು ಮಿಣುಕಿದರೆ ಮಾತ್ರ ಆ ಮಿಣುಕನ್ನು ನಂಬಿ ಹೊರಹಾಕುವುದು ಇದಕ್ಕೆ ಉಪಾಯ. "ಒಳಗಿನ ಗದ್ದಲ ಕೇಳಿ ಬಂದವರನ್ನು ಹೊರಹಾಕುವುದು ದಡ್ಡತನ" ಎಂದು ಮೀಟಿಂಗಿನಲ್ಲಿ ಭಾಷಣ ಬಿಗಿದವನು ನಾನೇ.

ಅದೇ ವಾರ ಊರಿಗೆ ಬಂದೆ. ಅಕ್ಕನ ಮಗಳು ಸವಿತಾಳ ಸಂಬಂಧ ಮಾತಾಡಲು ಜೇವರ್ಗಿ ಕಡೆಯ ಕೊಳಕೂರಿನವರು ಬರುವವರಿದ್ದರು. ಹುಡುಗ ಅವಳ ಕಾಲೇಜಿನವನೇ; ಅವಳಿಗೆ ಆಗಲೇ ಒಪ್ಪಿಗೆ. ಆದರೆ ಒಬ್ಬ ವಿಮೆ ಏಜೆಂಟ ದಿನಾ ನಗುನಗುತ್ತ, ಬಗಲಲ್ಲಿ ಚೀಲ ಇಟ್ಟುಕೊಂಡು ಸೀದಾ ಪಡಸಾಲೆಗೇ ಬರುತ್ತಿದ್ದನಂತೆ. ಅವ್ವ ನನ್ನನ್ನು ಬಾಗಿಲ ಕಟ್ಟೆಯ ಮೇಲೆ ಕೂಡಿಸಿದಳು.

"ಇವತ್ತ ಅವ ಒಳಗ ಕಾಲಿಟ್ಟರ ನೋಡ ಮತ್ತ."

"ನನ್ನ ಕೆಲಸಾನೇ ಇದು, ಅವ್ವಾ."

ನಾನು ಫೋನಿನಲ್ಲಿದ್ದಾಗ ಒಬ್ಬರು ಬೈಕು ನಿಲ್ಲಿಸಿ, ಬಗಲಲ್ಲಿ ಚೀಲ ಹಿಡಿದು, "ನಮಸ್ಕಾರ್ರಿ" ಎಂದು ನಗುತ್ತ ಒಳಗೆ ಹೋದರು. ಮರುಕ್ಷಣವೇ ಒಳಗೆ ಪಾತ್ರೆಗಳು ಉರುಳಿದವು, ಅವ್ವ ಕಿಟ್ಟನೆ ಚೀರಿದಳು. ನಾನು ಓಡಿಹೋಗಿ ಅವರ ಹೆಗಲ ಮೇಲೆ ಕೈಹಾಕಿ, "ನಮಗ ಬ್ಯಾಡ್ರಿ ಯಜಮಾನ್ರ, ನಡೀರಿ" ಎಂದು ಬೈಕಿನ ತನಕ ಮುಟ್ಟಿಸಿದೆ.

"ನಾ ಇನ್ನಾ ಏನೂ ಕೇಳೇ ಇಲ್ಲಲ್ರಿ!"

"ಕೇಳೂಕಿಂತ ಮೊದಲೇ ಬ್ಯಾಡ್ರಿ."

ಸವಿತಾ ಬರಿಗಾಲಲ್ಲಿ ಓಡಿಬಂದಳು. "ಮಾಮಾ, ಅವರು ಹುಡುಗನ ಸೋದರಮಾವರು! ಲಗೂನ ಬಂದುಬಿಟ್ಟಾರಂತ ಆಯಿ ಗಾಬರಿಯಾಗಿ ಒದರಿದ್ಲು! ಹಿಡಿ ಹೋಗು, ಗಾಡಿ ಚಾಲೂ ಮಾಡಾಕತ್ತಾರ!"

ಅವಳ ಕಣ್ಣಲ್ಲಿ ನೀರು. ನಾನು ಹೋಗಿ ಹ್ಯಾಂಡಲ್ ಹಿಡಿದೆ. "ತಪ್ಪಾತ್ರಿ. ವಿಮೆ ಏಜೆಂಟ ಅಂತ ತಿಳಿದಿದ್ದೆ."

"ಚೀಲದಾಗ ನಮ್ಮ ಹೊಲದ ತೊಗರಿಕಾಯಿ ಅದಾವ್ರಿ," ಅಂದರು ಅವರು, "ಪಾಲಿಸಿ ಅಲ್ರಿ."

ಪುಣ್ಯಕ್ಕೆ ಇಳಿದು ಬಂದರು. ಚಹಾ ಕುಡಿಯುತ್ತ, ನನ್ನತ್ತ ತೋರಿಸಿ, "ಇವರು ಏನ ಕೆಲಸ ಮಾಡ್ತಾರ್ರಿ?" ಎಂದು ಕೇಳಿದರು.

ಯಾವ ಹೊತ್ತಿನಲ್ಲಿ ಹೆಮ್ಮೆಪಡಬೇಕು ಅನ್ನುವುದು ಅವ್ವನಿಗೆ ಇಂದಿಗೂ ತಿಳಿಯದು. "ಆಕಾಶದಾಗಿಂದ ಬಂದವರೊಳಗ ಯಾರನ್ನ ಇಟ್ಕೋಬೇಕು, ಯಾರನ್ನ ಹೊರಗ ಹಾಕಬೇಕು ಅನ್ನೂದು ನಮ್ಮವನೇ ನೋಡ್ತಾನ್ರಿ."

ಅವರು ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಗೊತ್ತಾತ್ರಿ. ಐತಾರ ಹುಡುಗನ್ನ ಕರ್ಕೊಂಡು ಬರ್ತೇವ್ರಿ. ಖರೇ, ಅವತ್ತ ಕಟ್ಟಿ ಮ್ಯಾಲ ಬ್ಯಾರೆ ಯಾರನ್ನರೆ ಕೂಡಸ್ರಿ."

ಐತವಾರ ಅಲ್ಲಿ ಹಿರೋಳ್ಳಿಯ ಕಾಕಾ ಕೂತಿದ್ದರು. ಕಿವಿ ಮಂದ, ಒಳಗೆ ಹಂಡೆಯೇ ಉರುಳಿದರೂ ಅವರಿಗೆ ಕೇಳದು. ಕೊಳಕೂರಿನವರು ಸುಸೂತ್ರವಾಗಿ ಒಳಗೆ ಬಂದರು, ಸಂಬಂಧ ಗಟ್ಟಿಯಾಯಿತು. ಇದೇ ಸರಿಯಾದ ವಿನ್ಯಾಸ ಎಂದುಕೊಂಡು ನಾನು ಹಿತ್ತಲಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಆಗ ಅವರ ಹಿಂದೆಯೇ ಒಳಬಂದಿದ್ದ ಏಜೆಂಟ ಶಿರಾ ತಿಂದು ಕೈ ಒರೆಸಿಕೊಳ್ಳುತ್ತ ಹಿತ್ತಲಿಗೂ ಬಂದ. ಈಗ ನನ್ನ ಹೆಸರಲ್ಲೂ ಒಂದು ಪಾಲಿಸಿ ಇದೆ.