ಯಾವ ಮಾತ್ರೆ ಬೇಡ ಎಂದರು?

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವುದಕ್ಕಿಂತ ಅವರಿಗೊಂದು ಲೋಟ ಕಾಫಿ ಕೊಟ್ಟು ಮಾತು ಬದಲಿಸುವುದೇ ಸುಲಭ ಎಂದು ಅನುಭವದಿಂದ ಕಂಡುಕೊಂಡಿದ್ದೇನೆ. ಹೇಳಿದರೆ ಎರಡೇ ಮಾತು. ದೂರದೇಶದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕಾಯಿಲೆಯ ವಿವರವನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಹರಿಹರದ ನಮ್ಮ ಮನೆಯ ನಡುಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತು ನಾನು ಅದನ್ನು ಕೇಳಿ ಟೈಪು ಮಾಡುತ್ತೇನೆ. ಇಷ್ಟು ಹೇಳಿದ ಮೇಲೆ ಕೇಳಿದವರು "ಹಂಗಾದ್ರೆ ನೀವು ನರ್ಸಾ?" ಎನ್ನುತ್ತಾರೆ. ಅಲ್ಲ ಎಂದರೆ "ಕಂಪ್ಯೂಟರ್ ಕ್ಲಾಸಾ?" ಎನ್ನುತ್ತಾರೆ. ಪಕ್ಕದ ಮನೆಯ ಗೌರಮ್ಮನವರಂತೂ, ನಾನು ತುಟಿ ಬಿಚ್ಚದೆ ಗಂಟೆಗಟ್ಟಲೆ ಬರೀ ಕೇಳಿಸಿಕೊಳ್ಳುವುದನ್ನು ಕಿಟಕಿಯಿಂದ ನೋಡಿ, "ದಿನಾ ಯಾರವ್ವ ನಿನ್ನ ಹಂಗೆ ಬೈಯದು?" ಎಂದು ಕನಿಕರದಿಂದ ವಿಚಾರಿಸಿದ್ದರು.

ಸಂಬಳದ ವಿಷಯಕ್ಕೆ ಬಂದರೆ ನನಗೇ ಗೊಂದಲ. ಕೊಡುವುದು ಸಾಲಿಗೆ ಇಷ್ಟು ಎಂದು. ಆದರೆ ಆ ಸಾಲು ಕಣ್ಣಿಗೆ ಕಾಣುವ ಸಾಲಲ್ಲ. ಇಂತಿಷ್ಟು ಅಕ್ಷರ ಸೇರಿದರೆ ಒಂದು ಸಾಲು ಎಂದು ಕಂಪನಿಯವರ ಎಣಿಕೆ. ಪದಗಳ ನಡುವಿನ ಖಾಲಿ ಜಾಗವೂ ಎಣಿಕೆಗೆ ಬರುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಬಂದ ಉತ್ತರವನ್ನು ಓದಿದ ಮೇಲೆ ಮೊದಲು ಗೊತ್ತಿದ್ದದ್ದೂ ಮರೆತುಹೋಯಿತು. ಈಚೆಗೆ ಡಾಕ್ಟರ ಮಾತನ್ನು ಯಂತ್ರವೇ ಕೇಳಿ ಬರೆದುಬಿಡುತ್ತದೆ. ನಾನು ಅದನ್ನು ತಿದ್ದಬೇಕು. ತಿದ್ದುವುದಕ್ಕೆ ದರ ಅರ್ಧ. ಅದು ಎಡಗಾಲನ್ನು ಬಲಗಾಲು ಮಾಡಿದೆಯೋ ಹೇಗೆ ಎಂದು ಕಂಡುಹಿಡಿಯಲು ಮಾತ್ರ ಇಡೀ ಮಾತನ್ನು ಮೊದಲಿನಂತೆಯೇ ಕೇಳಬೇಕು. ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮವರಿಗೆ ಇದನ್ನು ವಿವರಿಸಲು ಹೋದೆ.

"ಮಷಿನ್ ಬಂದ ಮ್ಯಾಲೆ ಕೆಲ್ಸ ಕಮ್ಮಿ ಆತು ಅನ್ನು" ಎಂದರು.

"ಇಲ್ಲ, ಜಾಸ್ತಿ ಆತು."

"ಹಂಗಾದ್ರೆ ಸಂಬಳನೂ ಜಾಸ್ತಿ ಆಗಿರ್ಬೇಕು."

"ಅದು ಕಮ್ಮಿ ಆತು."

ಅವರು "ಕಾಫಿ ಐತೇನು?" ಎಂದು ಕೇಳಿದರು. ಮಾತು ಬದಲಿಸುವ ಉಪಾಯ ಅವರಿಗೂ ಗೊತ್ತಿದೆ.

ಹೀಗಿರುವಾಗ ನಮ್ಮ ಅತ್ತೆ ಗಂಗಮ್ಮನವರ ಕಣ್ಣಿಗೆ ಪೊರೆ ಬಂತು. ಅವರಿರುವುದು ಕೊಕ್ಕನೂರಿನಲ್ಲಿ, ನನ್ನ ಮೈದುನ ಶೇಖರಪ್ಪನ ಜೊತೆ. ಆಪರೇಷನ್ ಮಾಡಿಸೋಣ ಎಂದರೆ ಮುಂದಿನ ಸುಗ್ಗಿ ಆಗಲಿ ಎನ್ನುತ್ತಿದ್ದರು. ಒಂದು ದಿನ ಬಾಗಿಲಿಗೆ ಬಂದು ನಿಂತ ಸೊಸೈಟಿಯ ಸೆಕ್ರೆಟರಿಯನ್ನು ಮಗನೆಂದೇ ತಿಳಿದು, "ನೀರು ಕಾದೈತೆ, ಮೊದ್ಲು ಹೋಗಿ ಜಳಕ ಮಾಡು, ವಾಸನಿ ಬರ್ತೈತೆ" ಎಂದು ಗದರಿದ ಮೇಲೆ ತಾವೇ ಒಪ್ಪಿದರು. ದಾವಣಗೆರೆಯ ಪಿ.ಜೆ. ಬಡಾವಣೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ದಿನ ಗೊತ್ತಾಯಿತು. ಅದರ ಹಿಂದಿನ ದಿನ ತಪಾಸಣೆಗೆ ಯಾರು ಕರೆದೊಯ್ಯಬೇಕು ಎಂಬ ಚರ್ಚೆಯೇ ನಡೆಯಲಿಲ್ಲ. "ಅತ್ತಿಗೆವ್ರು ದಿನಾ ಅಮೆರಿಕಾದ ಡಾಕ್ಟ್ರುಗಳ ಮಾತು ಕೇಳ್ತಾರೆ, ದಾವಣಗೆರೆ ಡಾಕ್ಟ್ರು ಯಾವ ಲೆಕ್ಕ" ಎಂದ ಶೇಖರಪ್ಪ. ನನಗೂ ಹೌದೆನ್ನಿಸಿತು. ಒಂದು ದಿನದ ಸಾಲುಗಳನ್ನು ಬಿಟ್ಟು ಅತ್ತೆಯೊಂದಿಗೆ ಬಸ್ಸು ಹತ್ತಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಖ ನೋಡಿದರೆ ಮಾತಾಡಬೇಕು ಎನ್ನಿಸುವಂಥವರು. ಅತ್ತೆ ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ, "ನನ್ನ ಸೊಸಿ ಹೊರದೇಶದ ಡಾಕ್ಟ್ರು ಹೇಳಿದ್ದನ್ನೆಲ್ಲ ಬರ್ಕಂತಾಳ್ರಿ" ಎಂದರು. ಡಾಕ್ಟರು ನಕ್ಕು, "ಹಂಗಾದ್ರೆ ನಿಮಗೆ ನಾನು ಬಿಡಿಸಿ ಹೇಳೋದು ಬ್ಯಾಡ ಬಿಡ್ರಿ" ಎಂದು ನನ್ನ ಕಡೆ ತಿರುಗಿ ಹೇಳತೊಡಗಿದರು. ಆಪತ್ತು ಶುರುವಾದದ್ದು ಅಲ್ಲಿಂದ. ಮನೆಯಲ್ಲಿ ನನ್ನ ಕಾಲ ಕೆಳಗೆ ಒಂದು ಪೆಡಲ್ ಇರುತ್ತದೆ. ಅದನ್ನು ಒತ್ತಿದರೆ ಡಾಕ್ಟರ ಮಾತು ಹಿಂದಕ್ಕೆ ಹೋಗುತ್ತದೆ. ಎಂಥ ದೊಡ್ಡ ಡಾಕ್ಟರಿಂದಲಾದರೂ ಒಂದೇ ಮಾತನ್ನು ಬೇಕಾದಷ್ಟು ಸಲ ಹೇಳಿಸಬಹುದು. ಈ ಡಾಕ್ಟರು ಬಿ.ಪಿ., ಶುಗರ್ ಎಂದೆಲ್ಲ ಹೇಳುತ್ತಿದ್ದಾಗ ನನ್ನ ತಲೆ ಅಭ್ಯಾಸಬಲದಿಂದ ಅವುಗಳ ಪೂರ್ತಿ ಇಂಗ್ಲಿಷ್ ಹೆಸರಿನ ಸ್ಪೆಲಿಂಗ್ ಜೋಡಿಸುತ್ತ ಕೂತಿತ್ತು. ಅಷ್ಟರಲ್ಲಿ ಎರಡು ವಾಕ್ಯ ದಾಟಿಹೋಗಿದ್ದವು. ಗಾಬರಿಯಲ್ಲಿ ಕಾಲು ಒತ್ತಿದೆ. ಮೇಜಿನ ಕೆಳಗಿದ್ದ ಕಸದ ಬುಟ್ಟಿ ಉರುಳಿತು.

"ಏನಾದ್ರೂ ಕೇಳೋದಿತ್ತೇನ್ರಿ?" ಎಂದರು ಡಾಕ್ಟರು.

ಅತ್ತೆ ಅಷ್ಟು ಹೊಗಳಿದ ಮೇಲೆ ಇನ್ನೊಂದು ಸಲ ಹೇಳಿ ಎನ್ನುವುದು ಹೇಗೆ? "ಇಲ್ಲ, ಎಲ್ಲ ಗೊತ್ತಾಯ್ತು" ಎಂದೆ.

ಸಂಜೆ ನಮ್ಮ ಮನೆಯಲ್ಲಿ ನಮ್ಮವರು, ಊರಿನಿಂದ ಬಂದ ಶೇಖರಪ್ಪ ಇಬ್ಬರೂ ನನ್ನೆದುರು ಕುಳಿತರು. ಡಾಕ್ಟರು ಕೊಟ್ಟ ಚೀಟಿಯಲ್ಲಿ ಕಣ್ಣಿಗೆ ಬಿಡುವ ಹನಿಯ ಹೆಸರಷ್ಟೇ ಇತ್ತು. ಅತ್ತೆ ದಿನವೂ ಬೆಳಿಗ್ಗೆ ಎರಡು ಮಾತ್ರೆ ನುಂಗುತ್ತಾರೆ, ಒಂದು ಬಿ.ಪಿ.ಗೆ, ಒಂದು ಸಕ್ಕರೆ ಕಾಯಿಲೆಗೆ. "ನಾಳೆ ಬೆಳಿಗ್ಗೆ ಏನೂ ತಿನ್ನಂಗಿಲ್ಲ. ಒಂದು ಮಾತ್ರೆ ತಗೋಬೇಕು, ಒಂದು ಬೇಡ" ಎಂದು ಗಂಭೀರವಾಗಿ ಹೇಳಿದೆ.

"ಯಾವುದು ಬ್ಯಾಡ?" ಎಂದರು ನಮ್ಮವರು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಕೇಳಿಸದ ಪದವನ್ನು ಊಹಿಸಿ ಬರೆಯಬಾರದು, ಜಾಗ ಖಾಲಿ ಬಿಡಬೇಕು. ಆದರೆ ಮೈದುನನ ಎದುರು ಖಾಲಿ ಬಿಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. "ಬಿಳೀದು" ಎಂದೆ.

ಶೇಖರಪ್ಪ ಅತ್ತೆಯ ಚೀಲದಿಂದ ಮಾತ್ರೆಗಳನ್ನು ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದ. "ಎರಡೂ ಬಿಳೇವೇ ಅದಾವಲ್ರಿ ಅತ್ತಿಗೆ."

ರಕ್ತದೊತ್ತಡ ಇಳಿದರೆ ಕಷ್ಟ, ಆದ್ದರಿಂದ ಬಿ.ಪಿ.ಯದು ಬೇಡ ಎಂದಿರಬೇಕು ಎಂದೆ. ಮರುಕ್ಷಣವೇ, ಏರಿದರೂ ಕಷ್ಟವಲ್ಲವೇ ಎನ್ನಿಸಿ ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಆಸ್ಪತ್ರೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ತಪ್ಪು ಮಾತ್ರೆ ನುಂಗಿಸಿ ಆ ಮುದುಕಿಗೆ ಏನಾದರೂ ಆದರೆ? ನಾನು ಟೈಪು ಮಾಡಿದ ಕೆಟ್ಟ ಕೇಸುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

"ನನಗೆ ಗೊತ್ತಿಲ್ಲ. ಕೇಳಿಸ್ಕೊಂಡಿಲ್ಲ" ಎಂದೆ ಕಡೆಗೆ.

ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ದನಿ ಬಂತು. "ಬಿ.ಪಿ.ದು ಒಂದು ಗುಟುಕು ನೀರಾಗೆ ನುಂಗ್ರಿ, ಶುಗರಿಂದು ಬ್ಯಾಡ, ಖಾಲಿ ಹೊಟ್ಟಿಗೆ ಅದು ಬಿದ್ರೆ ತಲಿ ತಿರುಗ್ತೈತೆ ಅಂದ್ರು."

"ಮತ್ತೆ ಆವಾಗಿಂದ ಯಾಕ ಸುಮ್ಕಿದ್ದೆವ್ವ?" ಎಂದ ಶೇಖರಪ್ಪ.

"ನನ್ನ ಯಾರು ಕೇಳಿದ್ರಪ್ಪ? ಮಂಜಾಗಿರದು ನನ್ನ ಕಣ್ಣು, ಕಿವಿ ಅಲ್ಲ."

ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಅದನ್ನೇ ಹೇಳಿದಳು. ಆಪರೇಷನ್ ಸಲೀಸಾಗಿ ಆಯಿತು. ಹನಿ ಬಿಡಲು ಅನುಕೂಲವೆಂದು ಅತ್ತೆ ನಮ್ಮ ಮನೆಯಲ್ಲೇ ಉಳಿದರು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಗೋಡೆಯ ಮೂಲೆಯ ಜೇಡರ ಬಲೆಯನ್ನು ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು. "ನಿನ್ನ ತಲಿ ಬೆಳ್ಳಗಾಗೈತಲ್ಲೇ. ಯಾವಾಗ ಆತು?" ಎಂದರು. ಯಾವಾಗ ಆಯಿತೆಂದು ನನಗೂ ತಿಳಿದಿರಲಿಲ್ಲ. ಅವರ ದನಿಯಲ್ಲಿ, ತಾವು ನೋಡದಿದ್ದಾಗ ನನಗೇನೋ ಆಗಿಹೋಯಿತು ಎಂಬ ಬೇಸರವಿತ್ತು.

ಈಗ ಹಗಲೆಲ್ಲ ಕುರ್ಚಿ ಹಾಕಿಕೊಂಡು ನನ್ನ ಪಕ್ಕವೇ ಕೂರುತ್ತಾರೆ. ಮೊನ್ನೆ ನನ್ನನ್ನೂ ಕಂಪ್ಯೂಟರ್ ಪರದೆಯನ್ನೂ ಸ್ವಲ್ಪ ಹೊತ್ತು ಗಮನಿಸಿ, "ಅಕ್ಷರ ಓದ್ತೀಯೋ, ಮೂಸಿ ನೋಡ್ತೀಯೋ? ಮೊದ್ಲು ನಿನ್ನ ಕಣ್ಣು ತೋರಿಸ್ಕ" ಎಂದರು. ಹೌದು, ಈಚೆಗೆ ಅಕ್ಷರಗಳು ಸ್ವಲ್ಪ ಅಲುಗಾಡುತ್ತವೆ. ಅದೂ ಯಂತ್ರದ್ದೇ ತಪ್ಪು ಎಂದುಕೊಂಡಿದ್ದೆ. ನಾಳೆ ದಾವಣಗೆರೆಗೆ ಹೊರಟಿದ್ದೇನೆ. ಡಾಕ್ಟರು ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಲು ಅತ್ತೆಯೂ ಬರುತ್ತಾರೆ.